ಚಿತ್ತಮ್ಮ ಆಡದ ಮಾತು

ತನ್ನ ಗಂಡನಿಗೆ ಮೂರ್ಛೆರೋಗವಿದೆ ಎಂದು ಚಿತ್ತಮ್ಮ ನನಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದ್ದಳು ಎಂದು ವಿಚಾರಣೆಯಲ್ಲಿ ಸುಳ್ಳು ನುಡಿದವಳು ನಾನು. ಪೊಲೀಸ್ ಠಾಣೆಯಲ್ಲಿ ಹೊಡೆತ ತಿಂದು ಸತ್ತ ಒಬ್ಬ ಮನುಷ್ಯ ರೋಗದಿಂದ ಸತ್ತನೆಂದು ಸರ್ಕಾರ ಬರೆದುಕೊಂಡದ್ದು ನನ್ನ ಆ ಮಾತನ್ನು ನಂಬಿ. ಹೊಡೆದವರು ನನ್ನ ಯಜಮಾನರು— ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಪಾವಗಡದ ಕಡೆಯ ಒಂದು ಠಾಣೆಗೆ ಸಬ್‌ಇನ್‌ಸ್ಪೆಕ್ಟರಾಗಿ ಬಂದರು. ಊರಿನ ಹೆಸರು ಬರೆಯುವುದಿಲ್ಲ. ಆ ಊರಿನದೇನೂ ತಪ್ಪಿರಲಿಲ್ಲ. ನಮ್ಮ ಕ್ವಾರ್ಟರ್ಸ್ ಠಾಣೆಯ ಬೆನ್ನಿಗೇ ಇತ್ತು, ನಡುವೆ ಎದೆಮಟ್ಟದ ಒಂದು ಗೋಡೆ. ಶಿರಾದಲ್ಲಿ ಬೆಳೆದ ನನಗೆ ಅಲ್ಲಿಯವರ ತೆಲುಗು ಬೆರೆತ ಮಾತು ಮೊದಮೊದಲು ಪೂರ್ತಿ ತಿಳಿಯುತ್ತಿರಲಿಲ್ಲ. ಮಗಳಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಭೇದಿ ಹತ್ತಿ ಕಡ್ಡಿಯಾಗಿದ್ದಳು, ಹಸುವಿನ ಹಾಲು ಕುಡಿಸಿದರೆ ಕಕ್ಕುತ್ತಿದ್ದಳು. ಮೇಕೆ ಹಾಲು ಕೊಟ್ಟು ನೋಡಿ ಎಂದು ಡಾಕ್ಟರು ಹೇಳಿದ ಮೇಲೆ ಹತ್ತಿರದ ಗೊಲ್ಲರಹಟ್ಟಿಯಿಂದ ಚಿತ್ತಮ್ಮ ಹಾಲು ತರತೊಡಗಿದಳು. ಅವಳ ಗಂಡ ಈರಣ್ಣ ಮೇಕೆ ಕಾಯುತ್ತಿದ್ದ. ಒಬ್ಬ ಮಗನಿದ್ದ, ನಾಗರಾಜ ಅಂತ.

ಹಾಲು ಕೊಟ್ಟು ಹೋಗಿಬಿಡುವ ಹೆಂಗಸಲ್ಲ ಅವಳು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು, ಕುಡಿಯಲ್ಲ ಎಂದು ಮೊಂಡು ಹಿಡಿದರೆ ತನ್ನ ಬೆರಳು ಹಾಲಿಗೆ ಅದ್ದಿ ಚೀಪಿಸುತ್ತಿದ್ದಳು. ಮಗು ಮೈ ಹಿಡಿಯಿತು. ಅವಳ ಹಿಂದೆ ಹಟ್ಟಿಯ ಬೇರೆ ಹೆಂಗಸರೂ ಬಂದರು. ಠಾಣೆಯ ಮೆಟ್ಟಿಲು ಹತ್ತಲು ಹೆದರುವವರು ನನ್ನ ಹಿತ್ತಲ ಬಾಗಿಲಲ್ಲಿ ಕೂತು ಕಷ್ಟ ಹೇಳಿಕೊಳ್ಳುತ್ತಿದ್ದರು— ಕುಡಿದು ಹೊಡೆಯುವ ಗಂಡ, ದಾರಿಗೆ ಅಡ್ಡ ಬೇಲಿ ಹಾಕಿದ ಮೈದುನ. ನಾನು ಯಜಮಾನರಿಗೆ ಹೇಳುತ್ತಿದ್ದೆ, ಅವರು ಕರೆಸಿ ಬುದ್ಧಿ ಹೇಳುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು. ಈಗ ಆ ಹೆಮ್ಮೆ ನೆನೆದರೆ—

ಊರಿನ ದೊಡ್ಡ ಜಮೀನುದಾರರೊಬ್ಬರ ಬಾವಿಯ ಪಂಪ್‌ಸೆಟ್ಟಿನ ಮೋಟರು ಕಳುವಾಯಿತು. ಮೇಕೆ ನುಗ್ಗಿದ ವಿಷಯಕ್ಕೆ ಈರಣ್ಣ ಅವರೊಂದಿಗೆ ಜಗಳವಾಡಿದ್ದ. ಅವರು ಅವನ ಹೆಸರು ಹೇಳಿದರು. ಪೊಲೀಸರು ಹುಡುಕುತ್ತಾರೆಂದು ತಿಳಿದು ಅವನು ನಾಗಲಮಡಿಕೆಯ ಕಡೆ ತನ್ನ ಅಕ್ಕನ ಮನೆಗೆ ಓಡಿಹೋದ. ಅವನು ಎಲ್ಲಿದ್ದಾನೆಂದು ಚಿತ್ತಮ್ಮ ನನ್ನೊಬ್ಬಳಿಗೆ ಹೇಳಿದಳು.

"ಆಯಪ್ಪ ಕದ್ದಿಲ್ಲ ಕಣಮ್ಮ. ಹೊಡೀತಾರೆ ಅಂತ ಹೆದ್ರಿ ಓಡೋದ. ಮೈಮ್ಯಾಲೆ ಕೈ ಹಾಕಾಕಿಲ್ಲ ಅಂತ ನೀವೊಂದು ಮಾತು ಕೊಡ್ರಿ, ನಾನೇ ಕರ್ಕಂಬತ್ತೀನಿ."

ನಾನು ಯಜಮಾನರನ್ನು ಕೇಳಿದೆ. "ಹೇಳಿಕೆ ತಗೊಂಡು ಕಳಿಸ್ತೀನಿ, ಬರೋಕೆ ಹೇಳು" ಎಂದರು. ನಾನು ಅವಳ ಕೈ ಹಿಡಿದು, "ನಾನಿದ್ದೀನಲ್ಲ, ಕರ್ಕೊಂಡ್ ಬಾ" ಎಂದೆ.

ಮರುದಿನ ಬೆಳಿಗ್ಗೆ ಈರಣ್ಣ ಒಗೆದ ಅಂಗಿ ಹಾಕಿಕೊಂಡು ಹೆಂಡತಿಯ ಜೊತೆ ನಡೆದು ಬಂದ. ನನಗೆ ಕೈಮುಗಿದು ಠಾಣೆಯೊಳಗೆ ಹೋದ. ಅವಳು ಎದುರಿನ ಬೇವಿನ ಮರದ ಕೆಳಗೆ ಕೂತಳು. ಅದೇ ಹೊತ್ತಿಗೆ ಜಮೀನುದಾರರ ಜೀಪು ಬಂತು. ಮೇಲಿನವರಿಂದ ಫೋನೂ ಬಂದಿತ್ತಂತೆ— ಇರಲಿ, ಅದನ್ನು ಹೇಳಿ ನಾನು ಯಾರನ್ನೂ ಉಳಿಸಲಾರೆ. ಮಧ್ಯಾಹ್ನ ಗೋಡೆಯಾಚೆಯಿಂದ ಕೂಗು ಕೇಳಿಸಿತು. ಮೊದಲು "ಸ್ವಾಮಿ, ಸ್ವಾಮಿ" ಎನ್ನುತ್ತಿದ್ದ. ಆಮೇಲೆ ಮಾತಿರಲಿಲ್ಲ, ಬರೀ ದನಿ. ಯಜಮಾನರ ದನಿಯೂ ಕೇಳಿತು. ಮನೆಯಲ್ಲಿ ನಾನು ಎಂದೂ ಕೇಳದ ದನಿ. ಗೋಡೆಯ ತನಕ ಹೋಗಿ "ರೀ" ಎಂದು ಕರೆದಿದ್ದರೆ ಸಾಕಿತ್ತು, ಅವರು ನಿಲ್ಲಿಸುತ್ತಿದ್ದರು. ಇದು ನನಗೆ ಆಗಲೂ ಗೊತ್ತಿತ್ತು. ನಾನು ಒಳಗೆ ಹೋಗಿ ರೇಡಿಯೊ ಹಾಕಿದೆ. ದನಿ ಜೋರು ಮಾಡಿದೆ. ಮರದ ಕೆಳಗಿದ್ದ ಚಿತ್ತಮ್ಮನಿಗೆ ಆ ಹಾಡು ಕೇಳಿಸಿರಬೇಕು.

ಸಂಜೆ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ದಾರಿಯಲ್ಲೇ ಜೀವ ಹೋಗಿತ್ತು.

ಹಟ್ಟಿಯವರು ಠಾಣೆಯ ಮುಂದೆ ಬಂದು ಕೂತರು, ಮಧುಗಿರಿಯಿಂದ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ನನಗೂ ಕರೆ ಬಂದಿತ್ತು. ವಿಚಾರಣೆಯ ಹಿಂದಿನ ದಿನ ಯಜಮಾನರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಮುಖ ನೋಡದೆ ಹೇಳಿದರು: "ಅವನಿಗೆ ಫಿಟ್ಸ್ ಬರ್ತಿತ್ತು ಅಂತ ಅವನ ಹೆಂಡ್ತೀನೇ ನಿನ್ನ ಹತ್ರ ಹೇಳಿದ್ಲಲ್ಲ. ನೆನಪಿದೆ ತಾನೆ?" ಅದು ಬೆದರಿಕೆಯಲ್ಲ. ಬೆದರಿಸಿದ್ದರೆ ನಾನು ಎದುರು ನಿಲ್ಲುತ್ತಿದ್ದೆನೋ ಏನೋ. ಅವರು ಬೇಡುತ್ತಿದ್ದರು.

ವಿಚಾರಣೆ ಪ್ರವಾಸಿ ಮಂದಿರದಲ್ಲಿ ನಡೆಯಿತು. ನನ್ನನ್ನು ಸಾಕ್ಷಿಗೆ ಕರೆಸಿದ್ದು ಯಜಮಾನರಲ್ಲ, ಚಿತ್ತಮ್ಮ. "ಎಸ್ಸೈ ಅಮ್ಮನ್ನ ಕೇಳ್ರಿ ಸ್ವಾಮಿ. ಆಯಮ್ಮ ಮನ್ಯಾಗೇ ಇದ್ರು. ಆಯಮ್ಮ ಸುಳ್ಳಾಡಾಕಿಲ್ಲ" ಎಂದಿದ್ದಳು. ಕೂಗು ಕೇಳಿಸಿತೇ ಎಂದು ಅಧಿಕಾರಿ ಕೇಳಿದರು. ಇಲ್ಲ, ಮಲಗಿದ್ದೆ ಎಂದೆ. ಸತ್ತವನಿಗೆ ಕಾಯಿಲೆ ಇತ್ತೇ ಎಂದು ಕೇಳಿದರು.

"ಮೂರ್ಛೆರೋಗ ಇತ್ತು. ಚಿತ್ತಮ್ಮನೇ ನನಗೆ ಹೇಳಿದ್ದಳು."

ಅವಳು ಬಾಗಿಲ ಬಳಿ ನಿಂತಿದ್ದಳು. ಅಳಲಿಲ್ಲ, ಬಯ್ಯಲಿಲ್ಲ. ನನಗೇ ಏನೋ ಮರೆತುಹೋಗಿದೆ ಎನ್ನುವ ಹಾಗೆ, ಮೆಲ್ಲಗೆ ಕೇಳಿದಳು— "ಅಮ್ಮಾ, ನಾನು ಎಪ್ಪುಡು ಅಂಗಂದೆ?"

ಎಪ್ಪುಡು ಎಂದರೆ ಯಾವಾಗ ಎಂದು ಅಷ್ಟರಲ್ಲಿ ಕಲಿತಿದ್ದ ನಾನು, ಅಧಿಕಾರಿ ತೋರಿಸಿದ ಕಡೆ ಸಹಿ ಹಾಕಿದೆ.

ಯಜಮಾನರಿಗೆ ಕೊರಟಗೆರೆಯ ಕಡೆ ವರ್ಗವಾಯಿತು, ಅಷ್ಟೇ. ಸುದ್ದಿ ಮೊದಲೇ ಮುಟ್ಟಿದ್ದ ಆ ಹೊಸ ಊರಿನಲ್ಲಿ ನನ್ನ ಹಿತ್ತಲ ಬಾಗಿಲಿಗೆ ಒಬ್ಬ ಹೆಂಗಸೂ ಬರಲಿಲ್ಲ. ಯಜಮಾನರನ್ನು ಕಂಡರೆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ತಾಯಂದಿರು ಒಳಗೆ ಎಳೆದುಕೊಳ್ಳುತ್ತಿದ್ದರು. ಹೆಂಗಸರು ಬಂದಿದ್ದರೂ ನಾನು ಅವರಿಗೆ ಯಾವ ಬಾಯಲ್ಲಿ ಮಾತು ಕೊಡುತ್ತಿದ್ದೆ? ಆ ಮೋಟರು ಜಮೀನುದಾರರ ಅಣ್ಣನ ಮಗನೇ ಮಾರಿಕೊಂಡದ್ದು ಎಂದು ಸ್ವಲ್ಪ ಕಾಲದ ಮೇಲೆ ಗೊತ್ತಾಯಿತು. ಸುದ್ದಿ ತಂದ ಯಜಮಾನರು ಊಟದ ತಟ್ಟೆಯ ಮುಂದೆ ಕೂತರು, ಉಣ್ಣದೆ ಎದ್ದರು. ಮತ್ತೆಂದೂ ನಾವು ಆ ಮಾತು ಎತ್ತಲಿಲ್ಲ.

ವರ್ಷಗಳಾದ ಮೇಲೆ, ಪಾವಗಡದಲ್ಲಿ ಒಂದು ಮದುವೆಗೆ ಹೋದಾಗ, ತಡೆಯಲಾರದೆ ಚಿತ್ತಮ್ಮನನ್ನು ಹುಡುಕಿದೆ. ಹಟ್ಟಿಯಲ್ಲಿ ಅವಳಿರಲಿಲ್ಲ. ಅವಳೇ ಗಂಡನನ್ನು ಪೊಲೀಸರಿಗೆ ಒಪ್ಪಿಸಿದಳು, ಅವಳೇ ರೋಗ ಅಂತ ಹೇಳಿ ಅವರನ್ನು ಉಳಿಸಿದಳು ಎಂದು ಈರಣ್ಣನ ತಮ್ಮಂದಿರು ಅವಳನ್ನು ಹೊರಗೆ ಹಾಕಿದ್ದರು, ಮಗನನ್ನು ತಾವೇ ಇಟ್ಟುಕೊಂಡಿದ್ದರು. ನನ್ನ ಸುಳ್ಳು ಆ ಮನೆಯೊಳಗೆ ಅಷ್ಟು ದೂರ ಹೋಗಿರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ಪಾವಗಡದ ಹೊರಗೆ ಒಂದು ಗುಡಿಸಲಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಅವಳ ಕಾಲ ಬಳಿ ಕೂತು ಅತ್ತೆ. ಅವಳು ಮೊದಲು ಕೇಳಿದ್ದು, "ಮಗಾ ಚೆನ್ನಾಗದಾ ಅಮ್ಮಾ?" ಆಮೇಲೆ ಹೇಳಿದಳು:

"ನಂಗೆ ಹೇಳಿ ಏನ್ ಬಂತಮ್ಮ, ನಂಗೆ ಗೊತ್ತಿದ್ದದ್ದೇ. ನನ್ ಮಗನ ಮುಂದೆ ಹೇಳ್ರಿ. ಅವ್ನು ನನ್ ಕೂಟೆ ಮಾತಾಡಾಕಿಲ್ಲ."

ಹೇಳ್ತೀನಿ ಎಂದೆ. ಎದ್ದು ರಸ್ತೆಗೆ ಬಂದೆ. ಹಟ್ಟಿಯ ಕಡೆಗೆ ಹೋಗುವ ದಾರಿ ಒಂದು ಕಡೆ, ಬಸ್‌ಸ್ಟ್ಯಾಂಡ್ ಒಂದು ಕಡೆ. ಯಜಮಾನರ ಬಡ್ತಿ ಹತ್ತಿರದಲ್ಲಿತ್ತು. ನಾನು ಬಸ್ಸು ಹತ್ತಿದೆ.

ಶಿರಾದಲ್ಲಿ, ಕೆಲಸದಲ್ಲಿರುವಾಗಲೇ, ಯಜಮಾನರು ಎದೆನೋವಿನಿಂದ ತೀರಿಕೊಂಡರು. ಅವರ ತಿಂಗಳ ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಹಟ್ಟಿಗೆ ಹೋದೆ. ಅಷ್ಟರಲ್ಲಿ ಚಿತ್ತಮ್ಮ ಇರಲಿಲ್ಲ. ಆ ಬೇಸಿಗೆಯಲ್ಲೇ ಜ್ವರ ಬಂದು ಸತ್ತಿದ್ದಳು.

ನಾಗರಾಜ ಮೀಸೆ ಬಂದ ಯುವಕನಾಗಿದ್ದ. ಅವನ ಚಿಕ್ಕಪ್ಪಂದಿರ ಎದುರಿಗೇ ಎಲ್ಲವನ್ನೂ ಹೇಳಿದೆ— ಮಾತು ಕೊಟ್ಟದ್ದು, ರೇಡಿಯೊ, ಸುಳ್ಳು, ಬಸ್ಸು.

"ನಮ್ಮವ್ವ ಬಂದಿದ್ಲು, ಇದ್ನೇ ಹೇಳಾಕೆ," ಎಂದ ನಾಗರಾಜ. "ಬಾಗ್ಲು ತೆಗೀಲಿಲ್ಲ ನಾನು."

ಚಿಕ್ಕಪ್ಪಂದಿರಲ್ಲಿ ಒಬ್ಬ ಎದ್ದು ಹೊರಗೆ ಹೋದ. ನಾಗರಾಜ ಆಮೇಲೆ ನನ್ನ ಕಡೆ ತಿರುಗಿ, "ರೋಗ ಅಂತ ಬರ್ಕಂಡೋರ ಮುಂದೆ ಹೇಳ್ತೀರಾ?" ಎಂದು ಕೇಳಿದ.

ಇಬ್ಬರೂ ಮಧುಗಿರಿಗೆ ಹೋದೆವು. ಬಸ್ಸಿನಲ್ಲಿ ಅವನು ನನ್ನಿಂದ ದೂರ ಕೂತ. ಕಚೇರಿಯಲ್ಲಿದ್ದ ಹೊಸ ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದಲೇ ಮಾತಾಡಿದರು. "ಅಮ್ಮಾ, ನಿಮ್ಮ ಯಜಮಾನರೇ ಇಲ್ಲ. ಈಗ ಯಾರ ಮೇಲೆ ಅಂತ ದೂರು ಬರ್ಕೊಳ್ಳಲಿ?"

"ಅವರ ಮೇಲೆ ಬರ್ಕೊಳ್ಳಿ. ನನ್ನ ಮೇಲೂ ಬರ್ಕೊಳ್ಳಿ," ಎಂದೆ.

ಅವರು ಬರೆದುಕೊಂಡರು. ಅದರಿಂದ ಏನಾಗುತ್ತದೋ ನನಗೆ ಗೊತ್ತಿಲ್ಲ. ಕರೆದರೆ ಹೋಗಿ ಮತ್ತೆ ಹೇಳುತ್ತೇನೆ. ನಾಗರಾಜ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದ. ಅವರ ಬರವಣಿಗೆ ಮುಗಿಯುತ್ತಾ ಬಂದಾಗ ಮುಂದೆ ಬಂದು, "ನಮ್ಮವ್ವ ಅಂಗಂದಿರಲಿಲ್ಲ ಅಂತ ಇನ್ನೊಂದ್ಸಲ ಹೇಳ್ರಿ," ಎಂದ.

ಹೇಳಿದೆ. ಅವನು ಅಲ್ಲೇ, ಅಷ್ಟು ಜನರ ಮುಂದೆ, ಮುಖ ಮುಚ್ಚಿಕೊಂಡು ಕುಸಿದು ಕೂತ. ಅವನ ತಲೆಯ ಮೇಲೆ ಕೈಯಿಡುವ ಯೋಗ್ಯತೆ ನನಗಿರಲಿಲ್ಲ.