ನನ್ನ ಮಗ ರಜೆ ಹಾಕಿದ ದಿನ

ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರಿನಲ್ಲಿ ಮೀನು ಸೀಳುವ ನನ್ನ ಮಗ ಕ್ರೇಗ್ ಜ್ವರ ಬಂದರೂ ರಜೆ ಹಾಕಿದವನಲ್ಲ. ಅವನ ಜೊತೆ ಬಾಳುತ್ತಿರುವ ಲಿಂಡ್ಸಿ ಹೆತ್ತ ಅವರ ಮಗುವಿನ ಜನನ ನೋಂದಣಿಗೆ ಮಾತ್ರ ಹಾಕಿದ.

“ಮದ್ವೆ ಆಗಿದ್ರೆ ಅವ್ಳೊಬ್ಳೇ ಹೋಗಿ ನಿನ್ನ ಹೆಸ್ರೂ ಬರೆಸ್ಬೋದಿತ್ತಲ್ಲೋ, ಪೆದ್ದ!” ಎಂದು ಜೊತೆಗಾರರು ಕಿಚಾಯಿಸಿದರು.

“ಮದ್ವೆ ಯಾವಾಗ್ಲಾದ್ರೂ ಆಗ್ತೀನಿ. ಅಪ್ಪ ಆಗ್ಲೇ ಆಗಿದೀನಲ್ಲ! ಇಬ್ರೂ ಹೋಗಿ ಸಹಿ ಹಾಕಿದ್ರೆ ನಂಗೂ ಅಪ್ಪನ ಹಕ್ಕು. ಇಲ್ದಿದ್ರೆ ನಾಳೆ ಮಗೂಗೆ ಆಪರೇಷನ್ ಅಂದ್ರೂ ನನ್ನ ಒಪ್ಪಿಗೆ ಯಾರೂ ಕೇಳಲ್ಲ,” ಎಂದ.

ಮೀನಿನ ವಾಸನೆ ಹೋಗಲೆಂದು ನಿಂಬೆಹಣ್ಣಿನಿಂದ ಕೈ ಉಜ್ಜಿ ಉಜ್ಜಿ ಕೆಂಪಾಗಿಸಿಕೊಂಡು ಹೊರಟ. ಲಿಂಡ್ಸಿಯ ಪಕ್ಕ ಕೂತು, ಅಪ್ಪನ ಜಾಗದಲ್ಲಿ ತನ್ನ ಹೆಸರು ಬರೆಸಿ, ನಿಧಾನವಾಗಿ ಸಹಿ ಹಾಕಿದ. ಮಗುವಿನ ಜನನಪತ್ರವನ್ನು ತಂದು ನನ್ನ ಕೈಗಿಟ್ಟ.

ನಾನೊಬ್ಬಳೇ ಹೋಗಿ ಬರೆಸಿದ್ದ ಕ್ರೇಗ್‌ನ ಜನನಪತ್ರದಲ್ಲಿ, ಅದೇ ಜಾಗದಲ್ಲಿ, ಬರೀ ಒಂದು ಗೀಟಿದೆ.