ಗಂಟು ನೋಡಿ ದೇಶ ಹೇಳುತ್ತಿದ್ದವರು

ಹೊಟ್ಟೆನೋವಿಗೆಂದು ಈಚೆಗೆ ಹೊಸೂರಿನ ಆಸ್ಪತ್ರೆಯೊಂದರಲ್ಲಿ ಎಂಡೋಸ್ಕೋಪಿ ಮಾಡಿಸಿಕೊಂಡೆ. ಎಡಮಗ್ಗುಲಾಗಿ ಮಲಗಿಸಿ, ಗಂಟಲು ಮರಗಟ್ಟುವ ಔಷಧಿ ಸಿಂಪಡಿಸಿ, ನರ್ಸ್ ಪಕ್ಕದ ಕೋಣೆಯ ಬಾಗಿಲು ತೆರೆದಾಗ ಒಂದು ವಾಸನೆ ಬಂತು. ಕೊಳೆಯಲು ಶುರುವಾದ ಸೇಬಿನಂಥ ಸಿಹಿ, ಅದರ ಹಿಂದೆಯೇ ಮೂಗಿಗೆ ಚುಚ್ಚುವ ಘಾಟು. ಸ್ಕೋಪುಗಳನ್ನು ನೆನೆಸಿಡುವ ದ್ರಾವಣದ ವಾಸನೆ ಅದು. ಬಾಯಿಗೆ ಪ್ಲಾಸ್ಟಿಕ್ ಬಳೆ ಕಚ್ಚಿಸಿದ್ದರಿಂದ ಮಾತಾಡುವಂತಿರಲಿಲ್ಲ. ಹಿಂದೆ ಇದೇ ಊರಿನ ಮೂಕಂಡಪಲ್ಲಿಯಲ್ಲಿ ನಾನು ಬಾಡಿಗೆಗಿದ್ದಾಗಿನ ಕೆಳಮನೆಯವರು ನೆನಪಾದರು.

ಆಗ ನಾನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಹೊಸೂರಿನಿಂದ ವರದಿ ಕಳಿಸುತ್ತಿದ್ದೆ. ಕೃಷ್ಣಗಿರಿ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಮಹಡಿಯ ಮೇಲಿನ ಒಂಟಿ ಕೋಣೆ ನನ್ನದು. ಕೆಳಗಡೆ ಮಾಲೂರು ಕಡೆಯಿಂದ ಬಂದ ಗಂಡ ಹೆಂಡತಿ ಇದ್ದರು. ಗಂಡನನ್ನು ನಾನು ಅಣ್ಣ ಎನ್ನುತ್ತಿದ್ದೆ. ಬೀದಿಯವರು ‘ಪೈಪ್ ಡಾಕ್ಟ್ರು’ ಎಂದು ಆಡಿಕೊಳ್ಳುತ್ತಿದ್ದರು. ಹೊಟ್ಟೆಯೊಳಗೆ ಇಳಿಸಿ ನೋಡುವ ಕೊಳವೆ, ಅಂದರೆ ಸ್ಕೋಪ್, ಕೆಟ್ಟರೆ ರಿಪೇರಿ ಮಾಡುವುದು ಅವರ ಕೆಲಸ. ಮೊದಲು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿದ್ದರು. ಅದು ಮುಚ್ಚಿದ ಮೇಲೆ ಆಸ್ಪತ್ರೆ ಸಾಮಾನು ಮಾರುವ ಬೆಂಗಳೂರಿನ ಏಜೆಂಟರೊಬ್ಬರ ಬಳಿ ಕೆಲವು ವರ್ಷ ದುಡಿದು ಈ ವಿದ್ಯೆ ಕಲಿತರು. ಆಮೇಲೆ ಬಾಡಿಗೆ ಮನೆಯ ಮುಂಗೋಣೆಯಲ್ಲೇ ರಿಪೇರಿಯ ಬೆಂಚು ಹಾಕಿಕೊಂಡರು.

ಬೆಂಚು ಚಿಕ್ಕದು. ಸ್ಕೋಪಿನ ಅರ್ಧ ಊಟದ ಮೇಜಿನ ಮೇಲೆ ಚಾಚಿರುತ್ತಿತ್ತು.

“ಊಟುದ್ ತಟ್ಟೆ ಪಕ್ಕುಕ್ಕೆ ತಂದಿಕ್ಬೇಡಿ ಅಂದ್ರೆ ಕೇಳಾಕಿಲ್ಲ,” ಎಂದು ಅವರ ಹೆಂಡತಿ ನನ್ನ ಮುಂದೆ ದೂರುತ್ತಿದ್ದರು. “ಅದ್ಯಾರ್ಯಾರ್ ಹೊಟ್ಟೇಲಿ ಓಡಾಡ್ಕಂಡ್ ಬಂದೈತೋ!”

“ಒಳ್ಳೊಳ್ಳೆ ಊಟ ಮಾಡಿರೋ ಹೊಟ್ಟೆ ಕಣೆ. ಜರ್ಮನಿಯೋರ್ದು,” ಎನ್ನುತ್ತಿದ್ದರು ಅವರು, ತಲೆ ಎತ್ತದೆ.

ತಮಾಷೆಗೆ ಹೇಳಿದ್ದಲ್ಲ ಅದು. ನಮ್ಮ ಕಡೆಯ ಸಣ್ಣ ಆಸ್ಪತ್ರೆಗಳಿಗೆ ಬರುತ್ತಿದ್ದ ಸ್ಕೋಪುಗಳು ಹೆಚ್ಚಾಗಿ ಹಳೆಯವು. ಜಪಾನಿನಲ್ಲಿ ತಯಾರಾಗಿ, ಯೂರೋಪಿನ ಆಸ್ಪತ್ರೆಯಲ್ಲಿ ಹತ್ತಾರು ವರ್ಷ ದುಡಿದು, ಅಲ್ಲಿ ಹರಾಜಾಗಿ, ಚೆನ್ನೈನ ದಲ್ಲಾಳಿಗಳ ಮೂಲಕ ಇಲ್ಲಿಗೆ ಮುಟ್ಟುತ್ತಿದ್ದವು. ಕೆಟ್ಟರೆ ಕಂಪನಿಯವರು ಸಿಂಗಪುರಕ್ಕೆ ಕಳಿಸಬೇಕು ಎನ್ನುತ್ತಿದ್ದರು. ಹೋದದ್ದು ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಲ್ಲಿಯವರೆಗೆ, ರಕ್ತ ವಾಂತಿ ಮಾಡಿಕೊಂಡವರೂ ಬೆಂಗಳೂರಿಗೋ ಸೇಲಂಗೋ ಹೋಗಬೇಕು. “ಮಾರಿದ್ರೆ ಒಂದ್ಸಲ ಲಾಭ ರಿಪೋರ್ಟ್ರೇ. ಕೆಟ್ರೆ ವರ್ಷವರ್ಷಾನೂ,” ಎಂದು ಆ ಜಗತ್ತಿನ ವ್ಯಾಪಾರವನ್ನು ನನಗೆ ಒಂದು ಸಾಲಿನಲ್ಲಿ ವಿವರಿಸಿದ್ದರು.

ಒಮ್ಮೆ ನಮ್ಮ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಸ್ಕೋಪಿನ ತುದಿಯನ್ನು ನನ್ನದೇ ವರದಿಯ ಮೇಲಿಟ್ಟು, ಇನ್ನೊಂದು ತುದಿಯ ಕಿಂಡಿಯಲ್ಲಿ ನೋಡಲು ಹೇಳಿದರು. ಅಕ್ಷರಗಳು ಉಬ್ಬಿ ಕಂಡವು. ನಡುನಡುವೆ ಕಪ್ಪು ಚುಕ್ಕೆಗಳು. ಕೊಳವೆಯೊಳಗೆ ಕೂದಲಿಗಿಂತ ತೆಳುವಾದ ಸಾವಿರಾರು ಗಾಜಿನ ಎಳೆಗಳಿರುತ್ತವೆ, ಮುರಿದ ಒಂದೊಂದು ಎಳೆಯೂ ಒಂದೊಂದು ಚುಕ್ಕೆ ಎಂದರು. ಆಮೇಲೆ, “ಇದು ಸ್ಕೋಪಿನ್ ತಪ್ಪಲ್ಲ ಬುಡಿ, ನಿಮ್ ಸುದ್ದಿನೇ ಹಂಗೆ ತೂತುತೂತು,” ಎಂದು ನಕ್ಕರು.

ಕೊಳವೆಯ ಬಾಗುವ ತುದಿಗೆ ರಬ್ಬರಿನ ಗವುಸು ಇರುತ್ತದೆ. ಅದರ ಎರಡು ಕೊನೆಗೂ ಸಣ್ಣ ದಾರ ಸುತ್ತಿ, ಗಂಟು ಹಾಕಿ, ಮೇಲೆ ಅಂಟು ಸವರುತ್ತಾರೆ. ಒಂದು ಹನಿ ನೀರು ಒಳಹೋಗಬಾರದು. ಹೋದರೆ ಒಳಗಿನ ತಂತಿಗೆ ತುಕ್ಕು ಹಿಡಿದು, ಗಾಜು ಮಸುಕಾಗಿ ಸ್ಕೋಪ್ ಹಾಳು. ಸ್ಕೋಪುಗಳು ಸಾಯುವುದು ಹೊಟ್ಟೆಯೊಳಗಲ್ಲ, ತೊಳೆಯುವ ಬಕೆಟಿನಲ್ಲಿ ಎಂಬುದು ಅವರ ಸಿದ್ಧಾಂತ. ಹಾಗಾಗಿ ರಿಪೇರಿಯಾದದ್ದನ್ನು ಡಾಕ್ಟರ ಕೈಗೆ ಕೊಟ್ಟು ಬರುತ್ತಿರಲಿಲ್ಲ. ಅದನ್ನು ತೊಳೆಯುವ ಆಯಾಳನ್ನು ಹುಡುಕಿ, ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ತೊಳೆದು ತೋರಿಸಿ, ಅವಳಿಂದ ತೊಳೆಸಿ, ಆಮೇಲೆ ಏಳುತ್ತಿದ್ದರು.

ಇನ್ನೊಂದು ರೂಢಿಯಿತ್ತು. ವಿಮಾನದಲ್ಲಿ ಹೋಗುವಾಗ ಸ್ಕೋಪಿನೊಳಗಿನ ಗಾಳಿ ಹಿಗ್ಗಿ ರಬ್ಬರು ಹರಿಯದಿರಲೆಂದು ಅದಕ್ಕೊಂದು ಪುಟ್ಟ ಮುಚ್ಚಳ ಕೂರಿಸುತ್ತಾರೆ. ಮುಚ್ಚಳ ಎಂದರೂ ಅದು ಮುಚ್ಚುವುದಿಲ್ಲ, ಗಾಳಿಗೆ ದಾರಿ ತೆರೆಯುತ್ತದೆ. ನೀರಿಗಿಳಿಸುವ ಮೊದಲು ಅದನ್ನು ತೆಗೆಯಲೇಬೇಕು, ಇಲ್ಲವಾದರೆ ಅದೇ ದಾರಿಯಲ್ಲಿ ನೀರು ಒಳನುಗ್ಗುತ್ತದೆ. ಏಜೆಂಟರ ಬಳಿ ಕಲಿತದ್ದು ‘ದಾರಿಗೆ ಹೊರಟರೆ ಮುಚ್ಚಳ’ ಎಂಬ ಪಾಠ. ಇವರು ಕೃಷ್ಣಗಿರಿ ಬಸ್ಸಿಗೂ ಮುಚ್ಚಳ ಹಾಕುತ್ತಿದ್ದರು. “ಸೂಳಗಿರಿ ಮೇಲೆ ಹಾರ್ತದಾ ಅಣ್ಣ ಬಸ್ಸು?” ಎಂದು ನಾನು ಕೇಳಿದರೆ, “ಆ ಡ್ರೈವರ್ನ ನೋಡಿಲ್ಲ ನೀವು,” ಎನ್ನುತ್ತಿದ್ದರು.

ಆ ದಿನ ನಾನು ಕಲೆಕ್ಟರ್ ಕಚೇರಿಗೆ ಹೊರಟಿದ್ದೆ. ಅವರು ಕೃಷ್ಣಗಿರಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ಹೊರಟಿದ್ದರು. ಒಂದೇ ಬಸ್ಸು. ಆ ಆಸ್ಪತ್ರೆಗೆ ಇದ್ದದ್ದು ಒಂದೇ ಸ್ಕೋಪ್, ಅದನ್ನು ಇವರು ಮೂರು ವಾರ ಕೂತು ಸರಿಮಾಡಿದ್ದರು. ಡಾಕ್ಟರು ಒಪ್ಪಿದರೆ ಅವರದೂ ಅವರ ಗೆಳೆಯರದೂ ಸೇರಿ ನಾಲ್ಕು ಆಸ್ಪತ್ರೆಗಳ ವರ್ಷದ ಕೆಲಸ ಇವರಿಗೆ. ಇಲ್ಲವಾದರೆ ಕಂಪನಿಗೆ. “ಇದಾಗ್ನಿಲ್ಲ ಅಂದ್ರೆ ಬೆಂಚು ಎತ್ತಿಟ್ಟು ಮತ್ತೆ ಫ್ಯಾಕ್ಟ್ರಿ ಗೇಟಲ್ಲಿ ನಿಂತ್ಕೊಳ್ಳೋದೇಯ,” ಎಂದಿದ್ದರು. ನನ್ನ ಕೆಲಸ ಬೇಗ ಮುಗಿಯಿತು. ಅವರು ಆಯಾಗೆ ಪಾಠ ಹೇಳುವುದನ್ನು ನೋಡಿ ಬರೆಯೋಣವೆಂದು ಆಸ್ಪತ್ರೆಗೆ ಹೋದೆ.

ತೊಳೆಯುವ ಕೋಣೆಯಲ್ಲಿ ಐವತ್ತು ದಾಟಿದ ಆಯಾ, ಅವರು, ಒಂದು ಟಬ್ಬು ಸೋಪಿನ ನೀರು. ಆಯಾ ಹತ್ತಿರದ ಹಳ್ಳಿಯವಳು, ಮನೆಮಾತು ಕನ್ನಡ. “ನೀರ್ಗಿಳಿಸೋಕ್ಮುಂಚೆ ಏನ್ಮಾಡ್ಬೇಕು ಯೋಳವ್ವ,” ಎಂದು ಅವರು ಕೇಳಿದರು. “ಮೂಡಿ ತೆಗೀಬೇಕು ಸಾರ್,” ಎಂದು ಮುಚ್ಚಳಕ್ಕೆ ತಮಿಳು ಹೆಸರು ಹಿಡಿದು ಅವಳು ಹೇಳಿದಳು. ಅವರು ತಲೆಯಾಡಿಸಿ ಮುಚ್ಚಳಕ್ಕೆ ಕೈ ಹಾಕಿದರು.

ಆಗ ನಾನು ಕೇಳಿದೆ. ಇದಕ್ಕಿಂತ ಮುಂಚೆ ಇದನ್ನು ಎಲ್ಲೆಲ್ಲಿ ರಿಪೇರಿ ಮಾಡಿದ್ದರು ಎಂದು ನಿಮಗೆ ಗೊತ್ತಾಗುತ್ತದೆಯೇ, ಅಣ್ಣ?

ಅವರ ಮುಖ ಅರಳಿತು. ಕೈ ಮುಚ್ಚಳ ಬಿಟ್ಟು ತುದಿಯ ರಬ್ಬರಿಗೆ ಹೋಯಿತು. ಹಳೆಯ ದಾರ ಬಿಚ್ಚುವಾಗ ಗಂಟು ನೋಡಿದರೆ ಸಾಕು, ಯಾವ ದೇಶದ ಕೈ ಎಂದು ತಿಳಿಯುತ್ತದೆ ಎಂದರು. ಜಪಾನಿನವರ ಸುತ್ತು ಎಣಿಸಿದಂತೆ ಇರುತ್ತದೆ. ಜರ್ಮನಿಯವರು ಅಂಟು ದಪ್ಪ ಬಳಿಯುತ್ತಾರೆ. ಇದರೊಳಗೆ ಮೂರನೆಯ ಒಂದು ಗಂಟು ಇತ್ತು, ಅದು ಮಾತ್ರ… ಹೇಳುತ್ತ ಹೇಳುತ್ತ ಸ್ಕೋಪನ್ನು ಸುರುಳಿ ಮಾಡಿ ನೀರಿಗೆ ಇಳಿಸಿದರು. ನಾನು ಬರೆದುಕೊಳ್ಳುತ್ತಿದ್ದೆ.

“ಸಾರ್,” ಎಂದಳು ಆಯಾ. “ಗುಳ್ಳೆ ಬತ್ತೈತೆ.”

ಅವರು ಕೆಳಗೆ ನೋಡಿದರು. ಮುಚ್ಚಳ ಕೂತಲ್ಲೇ ಇತ್ತು. ಎತ್ತಿದರು. ಎತ್ತುವಷ್ಟರಲ್ಲಿ ಎಷ್ಟು ನೀರು ಹೋಗಬೇಕೋ ಅಷ್ಟು ಹೋಗಿತ್ತು. ಕಿಂಡಿಯಲ್ಲಿ ಕಣ್ಣಿಟ್ಟು ನೋಡಿ ನನಗೂ ತೋರಿಸಿದರು. ಮಂಜು ಕವಿದ ಕನ್ನಡಿಯ ಹಾಗಿತ್ತು.

ಆಯಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, “ಒರಸಿ ಇಟ್ಬುಡಿ ಸಾರ್. ನಾಳೆ ಮಂಜಾದ್ರೆ ಹಳೇ ಪೈಪು, ಕೆಟ್ಟೋಯ್ತು ಅಂತಾರೆ. ಯಾರ್ಗ್ ಗೊತ್ತಾಯ್ತದೆ?” ಎಂದಳು.

“ನಾಳೆ ಬೆಳಿಗ್ಗೆ ನಾಕ್ ಜನ ಪೇಷಂಟ್ ಅವ್ರಂತೆ ಕಣವ್ವ,” ಎಂದರು ಅವರು. “ಹೊಟ್ಟೆ ಒಳುಗ್ ಹೋದ್ಮೇಲೆ ತುದಿ ಬಗ್ದೆ ನಿಂತ್ಕಂಡ್ರೆ?” ಒದ್ದೆ ಸ್ಕೋಪನ್ನು ಟವಲಿನಲ್ಲಿ ಸುತ್ತಿಕೊಂಡು ಡಾಕ್ಟರ ಕೋಣೆಗೆ ನಡೆದರು. ನಾನು ಹಿಂದೆ ಹೋದೆ.

ಡಾಕ್ಟರು ತಮಿಳಿನವರು, ಕನ್ನಡ ಬಲ್ಲವರು. ಕೂಗಾಡಲಿಲ್ಲ. ಇಷ್ಟು ವರ್ಷ ಮಾಡಿದವರು ಹೇಗೆ ಮರೆತಿರಿ ಎಂದಷ್ಟೇ ಕೇಳಿದರು. “ಮರ್ತೆ ಸಾರ್,” ಎಂದರು ಇವರು. ಡಾಕ್ಟರು ನನ್ನ ಕಡೆ, ನನ್ನ ಕೈಯ ನೋಟ್ ಪುಸ್ತಕದ ಕಡೆ ನೋಡಿದರು. ಯಾರಿವರು? ನಾನು ಬಾಯಿ ತೆರೆಯುವ ಮೊದಲೇ ಇವರು, “ಪೇಪರ್ನೋರು ಸಾರ್. ನಮ್ ಮನೆ ಮೇಲ್ಗಡೆ ಇರೋದು. ಬಸ್ನಲ್ಲಿ ಜತೇಗ್ ಬಂದ್ರು, ಅಷ್ಟೆ,” ಎಂದರು. ಆಗಲೂ ನಾನು ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ವರದಿಗಾರ ಸುದ್ದಿಯೊಳಗೆ ಕಾಲಿಡಬಾರದು ಎಂದು ನಮಗೆ ಕಲಿಸುತ್ತಾರೆ. ಆ ಪಾಠ ನನಗೆ ಆ ಗಳಿಗೆಯಲ್ಲಿ ಬಹಳ ಅನುಕೂಲವಾಗಿ ನೆನಪಾಯಿತು.

ಬಿಚ್ಚಿ, ಬೆಚ್ಚಗಿನ ಗಾಳಿಯಲ್ಲಿ ಒಣಗಿಸಿದರೆ ಉಳಿಯುತ್ತದೆ, ಎರಡು ದಿನ ಕೊಡಿ ಎಂದು ಇವರು ಕೇಳಿಕೊಂಡರು. ಡಾಕ್ಟರು ಯೋಚಿಸಿದರು. ನೀವು ಬಂದು ಹೇಳಿದ್ದು ದೊಡ್ಡದು, ಆದರೆ ನನ್ನ ಹತ್ತಿರ ಇರುವುದು ಇದೊಂದೇ, ಇನ್ನೊಮ್ಮೆ ನಿಮ್ಮ ಕೈಗೆ ಕೊಡಲು ಧೈರ್ಯವಿಲ್ಲ ಎಂದರು. ಸ್ಕೋಪ್ ಅಲ್ಲೇ ಉಳಿಯಿತು.

ವಾಪಸು ಬರುವಾಗ ಕಿಟಕಿ ಪಕ್ಕ ಕೂತವರು ಸೂಳಗಿರಿವರೆಗೂ ಹೊರಗೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ನೀವ್ ಕೇಳಿದ್ದು ಅರ್ಧುಕ್ಕೇ ನಿಂತೋಯ್ತಲ್ಲ,” ಎಂದರು. ಮೂರನೆಯ ಗಂಟಿನ ವಿಷಯ. ಅದು ಜಪಾನಿನದೂ ಅಲ್ಲ, ಜರ್ಮನಿಯದೂ ಅಲ್ಲ. ಮಲ್ಲಿಗೆ ಮಾಲೆ ಮುಗಿಸುವಾಗ ಹಾಕುವಂಥ ಗಂಟು. ಚೆನ್ನೈನಲ್ಲೋ ಮಧುರೈನಲ್ಲೋ ತಮ್ಮಂಥವನೇ ಇನ್ನೊಬ್ಬ ಇದನ್ನು ಬಿಚ್ಚಿ ಕಟ್ಟಿದ್ದಾನೆ ಎಂದರು. “ಭೇಷಾಗ್ ಕಟ್ಟವ್ನೆ. ಯಾರೋ ಏನೋ…” ನಾನು ಕ್ಷಮೆ ಕೇಳಬೇಕೆಂದು ಕೂತಿದ್ದೆ. ಕೇಳಲಿಲ್ಲ. ಅತ್ತಿಬೆಲೆ ಕಡೆಯ ಲಾರಿಗಳ ಸಾಲು ಕಂಡಿತು, ಇಳಿಯುವ ಊರು ಬಂತು.

ಮುಂದಿನ ತಿಂಗಳು ಬೆಂಚು ಹೋಯಿತು. ಅವರು ಗುತ್ತಿಗೆಯ ಮೇಲೆ ವಾಹನಗಳ ಗೇರ್ ಚಕ್ರ ಮಾಡುವ ಕಾರ್ಖಾನೆಯೊಂದರ ತಪಾಸಣೆಗೆ ಸೇರಿದರು. ಮೆಟ್ಟಿಲಲ್ಲಿ ಸಿಕ್ಕರೆ ಮೊದಲಿನ ಹಾಗೆಯೇ ನಗುತ್ತಿದ್ದರು. ಮರುವರ್ಷ ನನಗೆ ಕೋಲಾರಕ್ಕೆ ವರ್ಗವಾಯಿತು.

ಪರೀಕ್ಷೆ ಮುಗಿದು ಗಂಟಲು ಸರಿಯಾದ ಮೇಲೆ, ಸ್ಕೋಪ್ ಕೆಟ್ಟರೆ ಇಲ್ಲಿ ಯಾರು ಸರಿಮಾಡುತ್ತಾರೆ ಎಂದು ಟೆಕ್ನಿಶಿಯನ್ನನ್ನು ಕೇಳಿದೆ. ಕಂಪನಿಯ ಜೊತೆ ವರ್ಷದ ಒಪ್ಪಂದವಿದೆ, ಪೆಟ್ಟಿಗೆಯಲ್ಲಿ ಹೋಗುತ್ತದೆ, ಬರುವವರೆಗೆ ಬೇರೊಂದು ಕೊಟ್ಟಿರುತ್ತಾರೆ ಎಂದ. ಒಳಗೆ ಏನಿದೆ ಎಂದು ಅವನು ನೋಡಿರಲಿಲ್ಲ. ಒಳ್ಳೆಯ ವ್ಯವಸ್ಥೆ. ರೋಗಿಗಳು ಕಾಯಬೇಕಾಗಿಲ್ಲ. ಅಲ್ಲಿಂದ ನೇರ ಮೂಕಂಡಪಲ್ಲಿಗೆ ಹೋದೆ. ಹಳೆಯ ಮನೆಯ ಜಾಗದಲ್ಲಿ ನಾಲ್ಕಂತಸ್ತು ಎದ್ದಿದೆ. ಅವರು ತೀರಿಕೊಂಡು ಆರು ವರ್ಷವಾಯಿತು, ಹೆಂಡತಿ ಮಾಲೂರಿನಲ್ಲಿ ಮಗಳ ಬಳಿ ಇದ್ದಾರೆ ಎಂದು ಮನೆ ಮಾಲೀಕರು ಹೇಳಿದರು.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ಅದೇ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕುವುದು ಪದ್ಧತಿ. ಕೃಷ್ಣಗಿರಿಯ ಆ ಕೋಣೆಯ ವಿಷಯ ನಾನು ಬರೆಯಲೇ ಇಲ್ಲ, ಹಾಗಾಗಿ ತಿದ್ದುವ ಪ್ರಸಂಗವೂ ಬರಲಿಲ್ಲ. ಕೇಳಬೇಕಾದವರು ಈಗ ಇಲ್ಲ. ಆದರೂ ದಾಖಲೆಗೆ ಇರಲಿ. ಅಂದು ಅವರು ಮರೆತಿರಲಿಲ್ಲ. ಮುಚ್ಚಳದ ಮೇಲೆ ಅವರ ಕೈ ಇತ್ತು. ನಾನು ಪ್ರಶ್ನೆ ಕೇಳಿದೆ, ಅವರು ಕೈ ತೆಗೆದು ಉತ್ತರ ಹೇಳಿದರು.