ಅನುಮಾನದ ಮಾಮನ ಕ್ರೋನೋಗ್ರಾಫ್

ಶೂಟಿಂಗ್ ಕ್ಲಬ್ಬಿನವರೆಲ್ಲ ‘ಅನುಮಾನದ ಮಾಮ’ ಎನ್ನುತ್ತಿದ್ದವನು ನಿನ್ನೆ ನಿದ್ದೆಯಲ್ಲೇ ತೀರಿಕೊಂಡ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಕೊಳ್ಳಲು ಅವನು ಬಂದೂಕಿನಂಗಡಿಯ ಗೆಳೆಯನ ಬಳಿಗೆ ವರ್ಷಗಟ್ಟಲೆ ಎಡತಾಕಿದ್ದ. ಒಂದು ಯಂತ್ರಕ್ಕೆ ಮೋಡ ಕವಿದರೆ ಕಣ್ಣು ಮಂಜಾಗುತ್ತದೆ ಎನ್ನುವನು. ಇನ್ನೊಂದು ಪಕ್ಕದವನ ಗುಂಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ ಎನ್ನುವನು. ಎರಡನ್ನೂ ಒಟ್ಟಿಗಿಟ್ಟು ಹೊಡೆದಾಗ ಅಂಕಿ ತಾಳೆಯಾದರೆ, “ಇವೆರಡೂ ಮಾತಾಡ್ಕೊಂಡಿವೆ ಕಣಯ್ಯ” ಎಂದು ಮೂಗು ಮುರಿಯುವನು. “ನಿನ್ನ ನೆರಳನ್ನಾದ್ರೂ ನಂಬ್ತೀಯೇನೋ?” ಎಂದು ಗೆಳೆಯ ಕೆಣಕಿದರೆ, “ಮಧ್ಯಾಹ್ನ ಆದ್ರೆ ಅದೂ ಗಿಡ್ಡ ಆಗುತ್ತಲ್ಲ” ಎನ್ನುವನು. ಡಬ್ಬಿಯ ಮೇಲಿನ ಅಳತೆ ನಂಬಿ ತೋಟೆಗೆ ಮದ್ದು ತುಂಬಿದ ಮಾಮನ ತಮ್ಮನಿಗೆ ಬಂದೂಕು ಸಿಡಿದು ಒಂದು ಕಣ್ಣು ಹೋಗಿತ್ತು. ಈಚೆಗೆ ಮಾಮ ಮದ್ದು ತುಂಬುತ್ತಿದ್ದುದು ಮಗಳ ರೈಫಲ್ಲಿನ ತೋಟೆಗಳಿಗೆ; ಮದ್ದು ಹೆಚ್ಚಾಗಿದ್ದರೆ ಗುಂಡಿನ ವೇಗವೇ ಹೇಳಿಬಿಡುತ್ತದೆ. ಅಂತೂ ಒಂದನ್ನು ಆರಿಸಿ, ಮೊನ್ನೆ ಮಗಳನ್ನು ಗೋಡೆಯ ಹಿಂದೆ ನಿಲ್ಲಿಸಿ, ಮೊದಲ ಗುಂಡು ತಾನೇ ಹೊಡೆದ. ವೇಗ ಸರಿಯಾಗಿಯೇ ಬಂತು. “ನೀನು ಅಲ್ಲೇ ಇರಮ್ಮ” ಎಂದು ಎರಡನೆಯದನ್ನೂ ತಾನೇ ಹೊಡೆದ.